ವೇಗ ರೋಹಿತ: ನೆಲದಾಳದ ಪ್ರತಿಧ್ವನಿಯಿಂದ ಶಿಲೆಯ ವೇಗ ಕಂಡುಕೊಳ್ಳುವ ಬಗೆ

ಪ್ರತಿಫಲನ ಸಮೀಕ್ಷೆಯಲ್ಲಿ ಅಳತೆಗೆ ಸಿಗುವುದು ಕಾಲ ಮಾತ್ರ. ನೆಲದ ಮೇಲೆ ಸಣ್ಣ ಸ್ಫೋಟ ಮಾಡಿದರೆ ಅಲೆಗಳು ಕೆಳಗಿಳಿಯುತ್ತವೆ. ಒಂದು ಶಿಲಾಪದರ ಮುಗಿದು ಇನ್ನೊಂದು ಶುರುವಾಗುವ ಗಡಿಯಲ್ಲಿ ಅವುಗಳ ಒಂದಂಶ ಪುಟಿದು ಮೇಲೆ ಬರುತ್ತದೆ, ಸಾಲಾಗಿ ನೆಟ್ಟ ಜಿಯೋಫೋನುಗಳು ಅದನ್ನು ದಾಖಲಿಸುತ್ತವೆ. ಪ್ರತಿಧ್ವನಿ 1.5 ಸೆಕೆಂಡಿಗೆ ಬಂತೆಂದುಕೊಳ್ಳೋಣ. ಅಲೆ ಸೆಕೆಂಡಿಗೆ 2000 ಮೀಟರ್ ಓಡಿದ್ದರೆ ಗಡಿ 1500 ಮೀಟರ್ ಆಳದಲ್ಲಿದೆ. 2500 ಮೀಟರ್ ಓಡಿದ್ದರೆ 1875 ಮೀಟರ್ ಆಳದಲ್ಲಿ. ಬಾವಿ ಕೊರೆಯುವವರಿಗೆ ಈ 375 ಮೀಟರ್ ಸಣ್ಣ ಮಾತಲ್ಲ. ಅಲೆಯ ವೇಗವನ್ನು ದಾಖಲೆಯಿಂದಲೇ ಹೊರತೆಗೆಯಲು ಬರೆಯುವ ಚಿತ್ರವೇ ವೇಗ ರೋಹಿತ. ಗಾಜಿನ ಪಟ್ಟಕ ಬೆಳಕನ್ನು ಬಣ್ಣಗಳಾಗಿ ಹರಡುವಂತೆ ಇದು ದಾಖಲೆಯ ಶಕ್ತಿಯನ್ನು ಬೇರೆಬೇರೆ ವೇಗಗಳ ಮೇಲೆ ಹರಡಿ ತೋರಿಸುತ್ತದೆ.

ಒಂದೇ ಜಿಯೋಫೋನಿನಿಂದ ಈ ಕೆಲಸ ಆಗದು. ಸ್ಫೋಟದ ಜಾಗಕ್ಕೆ ಹತ್ತಿರದ ಜಿಯೋಫೋನಿಗೆ ಅಲೆ ನೇರವಾಗಿ ಇಳಿದು ನೇರವಾಗಿ ಮರಳುತ್ತದೆ. ದೂರದ್ದಕ್ಕೆ ಓರೆಯಾಗಿ ಹೋಗಿ ಓರೆಯಾಗಿ ಬರಬೇಕು, ಹಾಗಾಗಿ ತಡ. ಈ ತಡವನ್ನು ಲೆಕ್ಕ ಹಾಕಲು ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಸಾಕು: ಬಂದ ಕಾಲದ ವರ್ಗವೆಂದರೆ ನೇರ ಪ್ರಯಾಣದ ಕಾಲದ ವರ್ಗಕ್ಕೆ, ದೂರವನ್ನು ವೇಗದಿಂದ ಭಾಗಿಸಿ ಬಂದದ್ದರ ವರ್ಗವನ್ನು ಕೂಡಿಸಿದ್ದು. ನೇರ ಕಾಲ 1.5 ಸೆಕೆಂಡ್, ದೂರ 3000 ಮೀಟರ್ ಇದ್ದು ವೇಗ 2000 ಆಗಿದ್ದರೆ ಪ್ರತಿಧ್ವನಿ 2.12 ಸೆಕೆಂಡಿಗೆ ಬರುತ್ತದೆ. ವೇಗ 2500 ಆಗಿದ್ದರೆ 1.92 ಸೆಕೆಂಡಿಗೇ. ಎಲ್ಲ ಜಿಯೋಫೋನುಗಳ ಕಾಲಗಳನ್ನು ದೂರದ ಎದುರು ಗುರುತಿಸಿದರೆ ಅತಿಪರವಲಯದ ಬಾಗು ಮೂಡುತ್ತದೆ. ಬಾಗು ಕಡಿದಾಗಿದ್ದರೆ ವೇಗ ಕಡಿಮೆ, ಚಪ್ಪಟೆಯಾಗಿದ್ದರೆ ವೇಗ ಹೆಚ್ಚು. ನೆಲದಾಳದ ವೇಗ ಅಡಗಿರುವುದು ಈ ಬಾಗಿನಲ್ಲೇ.

ಪ್ರತಿಫಲನ ವಿಧಾನದ ಮೊದಲ ಪ್ರಯೋಗಗಳನ್ನು 1921ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಜೆ. ಸಿ. ಕಾರ್ಚರ್ ಮತ್ತು ಅವರ ಸಂಗಡಿಗರು ನಡೆಸಿದರು. ಮುಂದಿನ ದಶಕಗಳಲ್ಲಿ ವೇಗವನ್ನು ಕಾಗದದ ಮೇಲೆ ಕಂಡುಹಿಡಿಯಲಾಗುತ್ತಿತ್ತು: ದೂರದ ವರ್ಗದ ಎದುರು ಕಾಲದ ವರ್ಗವನ್ನು ಗುರುತಿಸಿದರೆ ಬಾಗು ನೇರ ಗೆರೆಯಾಗುತ್ತದೆ, ಗೆರೆಯ ಓರೆಯಿಂದ ವೇಗ ಸಿಗುತ್ತದೆ. ಪ್ರತಿಧ್ವನಿ ಕಣ್ಣಿಗೆ ಸ್ಪಷ್ಟವಾಗಿ ಕಂಡಾಗ ಇದು ಸಾಕು. ಗದ್ದಲದಲ್ಲಿ ಮುಳುಗಿದ್ದಾಗ ಗೆರೆ ಎಳೆಯಲು ಚುಕ್ಕೆಗಳೇ ಸಿಗವು. ಎರಡು ಬೆಳವಣಿಗೆಗಳು ದಾರಿ ಬದಲಿಸಿದವು. ನೆಲದಡಿಯ ಒಂದೇ ಬಿಂದುವನ್ನು ಬೇರೆಬೇರೆ ದೂರಗಳಿಂದ ಹಲವು ಸಲ ದಾಖಲಿಸಿ ಕೂಡಿಸುವ ಕ್ರಮಕ್ಕೆ ಹ್ಯಾರಿ ಮೇಯ್ನ್ 1956ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಡಿಜಿಟಲ್ ಕಂಪ್ಯೂಟರ್ ಬಂತು. 1969ರಲ್ಲಿ ಟರ್ಕಿ ಮೂಲದ ತುರ್ಹಾನ್ ತಾನೆರ್ ಮತ್ತು ಫುಲ್ಟನ್ ಕೋಲರ್ ‘ಜಿಯೋಫಿಸಿಕ್ಸ್’ ಪತ್ರಿಕೆಯಲ್ಲಿ ವೇಗ ರೋಹಿತದ ಲೆಕ್ಕವನ್ನು ಮಂಡಿಸಿದರು. ಅವರ ಉಪಾಯ ಸರಳ, ಅಷ್ಟೇ ದಿಟ್ಟ: ವೇಗವನ್ನು ಹುಡುಕುತ್ತ ಹೋಗುವ ಬದಲು ಸಾಧ್ಯವಿರುವ ಎಲ್ಲ ವೇಗಗಳನ್ನೂ ಪರೀಕ್ಷಿಸಿ, ಯಾವುದು ದಾಖಲೆಗೆ ಹೊಂದುತ್ತದೆಂದು ಯಂತ್ರದಿಂದ ಹೇಳಿಸುವುದು.

‘ಹೊಂದುತ್ತದೆ’ ಎಂಬುದನ್ನು ಅಂಕಿಯಲ್ಲಿ ಹೇಳುವ ಅಳತೆಗೆ ಸೆಂಬ್ಲೆನ್ಸ್ ಎಂದು ಹೆಸರು. ನಾರ್ಮನ್ ನೈಡೆಲ್ ಮತ್ತು ತಾನೆರ್ 1971ರ ಲೇಖನದಲ್ಲಿ ಇದನ್ನು ವಿವರವಾಗಿ ವಿಶ್ಲೇಷಿಸಿದರು. ಕೋಲಾಟದ ಗುಂಪೊಂದನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. 24 ಜನ ಒಂದೇ ತಾಳಕ್ಕೆ ಕೋಲು ಬಡಿದರೆ ಕೇಳಿಸುವುದು ಒಂದೇ ದೊಡ್ಡ ಪೆಟ್ಟು. ಒಬ್ಬೊಬ್ಬರು ಒಂದೊಂದು ಗಳಿಗೆಗೆ ಬಡಿದರೆ ಬಡಿಯಲು ಬಳಸಿದ ಶಕ್ತಿ ಅಷ್ಟೇ ಇದ್ದರೂ ಕೇಳಿಸುವುದು ಚಟಪಟ ಸದ್ದು. ಈಗ ಆಟಗಾರರನ್ನು ಉದ್ದನೆಯ ಬೀದಿಯಲ್ಲಿ ಸಾಲಾಗಿ ನಿಲ್ಲಿಸಿ, ಕೇಳುವವರು ಒಂದು ತುದಿಯಲ್ಲಿ ನಿಂತರು ಎನ್ನೋಣ. ಎಲ್ಲರೂ ಒಟ್ಟಿಗೇ ಬಡಿದರೂ ದೂರದವರ ಸದ್ದು ತಡವಾಗಿ ತಲುಪಿ ತಾಳ ಕೆಟ್ಟಂತೆ ತೋರುತ್ತದೆ. ಪ್ರತಿಯೊಬ್ಬರ ಸದ್ದನ್ನೂ ಅವರವರ ದೂರಕ್ಕೆ ತಕ್ಕಷ್ಟು ಹಿಂದಕ್ಕೆ ಸರಿಸಿ ಕೂಡಿಸಿದರೆ ತಾಳ ಮತ್ತೆ ಕೂಡುತ್ತದೆ. ಆದರೆ ಎಷ್ಟು ಸರಿಸಬೇಕೆಂದು ತಿಳಿಯಲು ಗಾಳಿಯಲ್ಲಿ ಸದ್ದಿನ ವೇಗ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಒಂದೊಂದೇ ವೇಗವನ್ನು ಊಹಿಸಿ ಸರಿಸುತ್ತ ಹೋಗಬೇಕು; ಯಾವ ಊಹೆಗೆ 24 ಕೋಲುಗಳ ಪೆಟ್ಟು ಒಂದಾಗುತ್ತದೋ ಅದೇ ಸರಿಯಾದ ವೇಗ.

ಸೆಂಬ್ಲೆನ್ಸ್ ಅಳೆಯುವುದು ಇದನ್ನೇ. ಎಲ್ಲ ಟ್ರೇಸುಗಳನ್ನು, ಅಂದರೆ ಒಂದೊಂದು ಜಿಯೋಫೋನಿನ ದಾಖಲೆಯನ್ನು, ಸರಿಸಿ ಕೂಡಿಸಿ ವರ್ಗ ಮಾಡಿದ ಮೊತ್ತವನ್ನು, ಒಂದೊಂದು ಟ್ರೇಸನ್ನೂ ಬೇರೆಬೇರೆಯಾಗಿ ವರ್ಗ ಮಾಡಿ ಕೂಡಿಸಿದ ಮೊತ್ತದಿಂದ ಭಾಗಿಸಿ, ಟ್ರೇಸುಗಳ ಸಂಖ್ಯೆಯಿಂದ ಮತ್ತೆ ಭಾಗಿಸಿದರೆ ಸೊನ್ನೆಯಿಂದ ಒಂದರೊಳಗಿನ ಅಂಕಿ ಬರುತ್ತದೆ. 24 ಟ್ರೇಸುಗಳೂ ತದ್ರೂಪವಾಗಿದ್ದರೆ 1. ಬರೀ ಗದ್ದಲವಾದರೆ ಸರಾಸರಿ 24ರಲ್ಲಿ ಒಂದು ಭಾಗ, ಅಂದರೆ ಸುಮಾರು 0.04. ಈ ಅಳತೆಯ ಚೆಲುವಿರುವುದು ಭಾಗಾಕಾರದಲ್ಲಿ. ಒಬ್ಬನೇ ಆಟಗಾರ ಎಷ್ಟೇ ಜೋರಾಗಿ ಬಡಿದರೂ ಉಳಿದವರು ಸುಮ್ಮನಿದ್ದರೆ ಅಂಕಿ 0.04ಕ್ಕಿಂತ ಮೇಲೇರದು. ಅದು ತೂಗುವುದು ಒಮ್ಮತವನ್ನು, ಗಟ್ಟಿತನವನ್ನಲ್ಲ.

ಈ ಲೆಕ್ಕಕ್ಕೆ ದುಬಾರಿ ತಂತ್ರಾಂಶ ಬೇಕೆಂದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೊಳೆತು, ಗೋಲ್ಡನ್ ಪಟ್ಟಣದ ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಜಾಕ್ ಕೋಹೆನ್, ಜಾನ್ ಸ್ಟಾಕ್‌ವೆಲ್ ಮೊದಲಾದವರ ಕೈಯಲ್ಲಿ ಬೆಳೆದ ‘ಸೈಸ್ಮಿಕ್ ಯುನಿಕ್ಸ್’ ಮೂಲಸಂಕೇತ ಸಮೇತ ಉಚಿತವಾಗಿ ದೊರೆಯುತ್ತದೆ. ಇದರಲ್ಲಿ ಒತ್ತಬೇಕಾದ ಗುಂಡಿಗಳಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಕಮಾಂಡ್. ಒಂದರ ಹೊರಹರಿವನ್ನು ಪೈಪ್ ಚಿಹ್ನೆಯ ಮೂಲಕ ಇನ್ನೊಂದರ ಒಳಗೆ ಬಿಡಬಹುದು, ತೋಟದಲ್ಲಿ ಒಂದು ಮಡಿಯ ನೀರನ್ನು ಮುಂದಿನ ಮಡಿಗೆ ತಿರುಗಿಸಿದಂತೆ. ‘ಸುಸಾರ್ಟ್’ ಟ್ರೇಸುಗಳನ್ನು ಸ್ಫೋಟ ಮತ್ತು ಜಿಯೋಫೋನಿನ ಒಂದೇ ನಡುಬಿಂದುವಿಗೆ ಸೇರಿದವು ಒಟ್ಟಾಗುವಂತೆ ಜೋಡಿಸುತ್ತದೆ, ‘ಸುವಿಂಡ್’ ಬೇಕಾದ ನಡುಬಿಂದುವಿನ ಗುಂಪನ್ನಷ್ಟೇ ಹೆಕ್ಕುತ್ತದೆ, ‘ಸುವೆಲಾನ್’ ರೋಹಿತವನ್ನು ಲೆಕ್ಕ ಹಾಕುತ್ತದೆ, ‘ಸುಎಕ್ಸ್‌ಇಮೇಜ್’ ಅದನ್ನು ತೆರೆಯ ಮೇಲೆ ಬಿಡಿಸುತ್ತದೆ. ಪ್ರತಿ ಹಂತವೂ ಅಕ್ಷರದಲ್ಲಿ ಬರೆದಿರುವುದರಿಂದ ಏನು ಮಾಡಲಾಯಿತೆಂಬುದು ಅಡಗುವುದಿಲ್ಲ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಸುವೆಲಾನ್‌ಗೆ ಮುಖ್ಯವಾಗಿ ಮೂರು ಅಂಕಿ ಕೊಡಬೇಕು: ಮೊದಲ ವೇಗ, ಹೆಜ್ಜೆಯ ಅಂತರ, ಒಟ್ಟು ಎಷ್ಟು ವೇಗ. 1400ರಿಂದ ಶುರುಮಾಡಿ 50ರ ಹೆಜ್ಜೆಯಲ್ಲಿ 61 ವೇಗ ಎಂದರೆ 4400ರವರೆಗೆ ಪರೀಕ್ಷೆ ನಡೆಯುತ್ತದೆ. ಬೇರೇನೂ ಹೇಳದಿದ್ದರೆ ಕಾಲದ ದಿಕ್ಕಿನಲ್ಲಿ ಐದು ಮಾದರಿಗೊಂದು (ಮಾದರಿಯೆಂದರೆ ಟ್ರೇಸಿನ ಒಂದೊಂದು ಅಳತೆ) ಉತ್ತರ ಬರುತ್ತದೆ, ಒಂದೊಂದು ಉತ್ತರಕ್ಕೂ 11 ಮಾದರಿಗಳ ಕಿಟಕಿ. ನಾಲ್ಕು ಮಿಲಿಸೆಕೆಂಡಿಗೊಮ್ಮೆ ಅಳೆದ ಆರು ಸೆಕೆಂಡಿನ ದಾಖಲೆಗೆ 300 ಸಾಲು, 61 ಕಂಬಗಳ ಚಿತ್ರ: 18,300 ಮನೆಗಳು. ಒಂದೊಂದು ಮನೆಯ ಹಿಂದೆಯೂ 24 ಟ್ರೇಸುಗಳಿಂದ ಹನ್ನೊಂದು ಹನ್ನೊಂದು ಮಾದರಿಗಳಿದ್ದರೆ ಒಟ್ಟು ಸುಮಾರು 48 ಲಕ್ಷ. ಇಂದಿನ ಲ್ಯಾಪ್‌ಟಾಪಿಗೆ ಇದು ಕ್ಷಣದ ಕೆಲಸ. ಟ್ರೇಸಿನ ಶಿರೋಭಾಗದಲ್ಲಿ ದೂರ ಸರಿಯಾಗಿ ನಮೂದಾಗಿರಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ದೂರ ತಪ್ಪಿದರೆ ಎಲ್ಲ ಸರಿಸುವಿಕೆಯೂ ತಪ್ಪುತ್ತದೆ.

ಮೂಡಿದ ಚಿತ್ರದಲ್ಲಿ ಕಾಲ ಮೇಲಿನಿಂದ ಕೆಳಕ್ಕೆ, ವೇಗ ಎಡದಿಂದ ಬಲಕ್ಕೆ. ಪ್ರತಿ ಪ್ರಬಲ ಪ್ರತಿಫಲನಕ್ಕೂ ಒಂದು ಬೆಳಗುವ ಚುಕ್ಕೆ. ಆಳಕ್ಕೆ ಹೋದಂತೆ ಶಿಲೆಗಳು ಒತ್ತಿ ಗಟ್ಟಿಯಾಗುವುದರಿಂದ ಚುಕ್ಕೆಗಳ ಸಾಲು ಸಾಮಾನ್ಯವಾಗಿ ಬಲಕ್ಕೆ ವಾಲುತ್ತದೆ. ಬೆಳಗುವುದೆಲ್ಲ ನಿಜವಾದ ಪದರವೆಂದು ನಂಬುವುದೇ ಇಲ್ಲಿನ ದೊಡ್ಡ ಅಪಾಯ. ಸಮುದ್ರದ ಸಮೀಕ್ಷೆಯಲ್ಲಿ ಅಲೆ ನೀರಿನ ಮೇಲ್ಮೈ ಮತ್ತು ತಳದ ನಡುವೆ ಮತ್ತೆಮತ್ತೆ ಪುಟಿಯುತ್ತದೆ. ಆ ಪುನರಾವರ್ತನೆಗಳು ಎಷ್ಟೇ ತಡವಾಗಿ ಬಂದರೂ ನೀರಿನ ವೇಗವಾದ 1500ರ ಆಸುಪಾಸಿನಲ್ಲೇ ಕಂಬದಂತೆ ನಿಲ್ಲುತ್ತವೆ, ಕೆಲವೊಮ್ಮೆ ನಿಜವಾದ ಪ್ರತಿಫಲನಕ್ಕಿಂತ ಪ್ರಖರವಾಗಿ. ಅತಿ ಬೆಳಗುವ ಚುಕ್ಕೆಯನ್ನಷ್ಟೇ ತಾನಾಗಿ ಆರಿಸುವ ತಂತ್ರಾಂಶ ಇಲ್ಲಿ ಮೋಸ ಹೋಗುತ್ತದೆ. ವ್ಯಾಖ್ಯಾನಕಾರರ ಕೆಲಸವನ್ನು ಯಂತ್ರ ಪೂರ್ತಿ ವಹಿಸಿಕೊಂಡಿತೆಂಬ ಮಾತನ್ನು ಹಾಗಾಗಿ ಅಳೆದು ತೂಗಿಯೇ ಒಪ್ಪಬೇಕು.

ಇನ್ನೊಂದು ಮಿತಿ ರೇಖಾಗಣಿತದ್ದೇ. ನೇರ ಕಾಲ ಒಂದು ಸೆಕೆಂಡ್, ದೂರ 3000 ಮೀಟರ್ ಇದ್ದಾಗ ವೇಗವನ್ನು 2000ದಿಂದ 2100ಕ್ಕೆ ಬದಲಿಸಿದರೆ ಪ್ರತಿಧ್ವನಿಯ ಕಾಲ 59 ಮಿಲಿಸೆಕೆಂಡ್ ಸರಿಯುತ್ತದೆ. ಮೂರು ಸೆಕೆಂಡಿನ ಆಳದಲ್ಲಿ 3500ರಿಂದ 3600ಕ್ಕೆ ಬದಲಿಸಿದರೆ ಸರಿಯುವುದು ಆರೇಳು ಮಿಲಿಸೆಕೆಂಡ್ ಮಾತ್ರ. ಅದಕ್ಕೇ ಚಿತ್ರದ ಮೇಲ್ಭಾಗದ ಚುಕ್ಕೆಗಳು ಮೊನಚಾಗಿಯೂ ಕೆಳಗಿನವು ಅಡ್ಡಕ್ಕೆ ಹರಡಿದ ಮಸುಕಾಗಿಯೂ ಕಾಣುತ್ತವೆ. ಇದಕ್ಕೆ ಮದ್ದು ಜಿಯೋಫೋನುಗಳ ಸಾಲನ್ನು ಇನ್ನೂ ಉದ್ದ ಮಾಡುವುದು. ಆದರೆ ದೂರ ಹೆಚ್ಚಿದಂತೆ ಮೇಲ್ಪದರಗಳ ಪ್ರತಿಧ್ವನಿ ಸರಿಸುವಾಗ ರಬ್ಬರಿನಂತೆ ಹಿಗ್ಗಿ ವಿಕಾರವಾಗುತ್ತದೆ. ಹಿಗ್ಗು ಒಂದೂವರೆ ಪಟ್ಟು ಮೀರಿದರೆ ಸುವೆಲಾನ್ ಆ ಮಾದರಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಈ ಮಿತಿಯನ್ನೂ ಬೇಕಾದಂತೆ ಬದಲಿಸಬಹುದು.

ಆರಿಸಿದ ಕಾಲ ಮತ್ತು ವೇಗಗಳ ಜೋಡಿಗಳನ್ನು ‘ಸುಎನ್‌ಎಂಓ’ ಕಮಾಂಡಿಗೆ ಕೊಟ್ಟರೆ ಬಾಗುಗಳು ನೇರವಾಗುತ್ತವೆ. ಆರಿಸಿದ ವೇಗ ಕಡಿಮೆಯಾಗಿದ್ದರೆ ಗೆರೆ ಮೇಲಕ್ಕೆ ಬಾಗುತ್ತದೆ, ಹೆಚ್ಚಾಗಿದ್ದರೆ ಕೆಳಕ್ಕೇ ಇಳಿದಿರುತ್ತದೆ. ನೇರವಾದದ್ದು ಖಚಿತವಾದ ಮೇಲೆ ‘ಸುಸ್ಟ್ಯಾಕ್’ ಅವನ್ನು ಕೂಡಿಸಿ ಒಂದೇ ಟ್ರೇಸ್ ಮಾಡುತ್ತದೆ.

ಹೀಗೆ ಸಿಗುವ ವೇಗ ಯಾವುದೇ ಒಂದು ಪದರದ್ದಲ್ಲ, ಮೇಲಿನಿಂದ ಅಲ್ಲಿವರೆಗಿನ ಎಲ್ಲ ಪದರಗಳದ್ದೂ ಬೆರೆತ ಸರಾಸರಿ. ಅದರಿಂದ ಒಂದೊಂದು ಪದರದ ವೇಗವನ್ನು ಬಿಡಿಸುವ ಸೂತ್ರವನ್ನು ಹೆವಿಟ್ ಡಿಕ್ಸ್ 1955ರಲ್ಲಿ ಪ್ರಕಟಿಸಿದರು. 1.0 ಸೆಕೆಂಡಿನಲ್ಲಿ 2000, 1.5 ಸೆಕೆಂಡಿನಲ್ಲಿ 2200 ಸಿಕ್ಕರೆ ನಡುವಿನ ಪದರದ ವೇಗ 2553. ಪದರ ತೆಳುವಾದಷ್ಟೂ ಈ ಸೂತ್ರ ತಪ್ಪನ್ನು ಹಿಗ್ಗಿಸುತ್ತದೆ. ಎರಡನೆಯ ಚುಕ್ಕೆ 1.1 ಸೆಕೆಂಡಿನಲ್ಲಿದ್ದು 2050 ಎಂದು ಓದಿದರೆ ಪದರದ ವೇಗ ಸುಮಾರು 2496. 2100 ಎಂದು ಓದಿದರೆ 2917. ರೋಹಿತದ ಒಂದೇ ಹೆಜ್ಜೆ, ಸೆಕೆಂಡಿಗೆ ಬರೀ 50 ಮೀಟರಿನ ವ್ಯತ್ಯಾಸ, ಉತ್ತರದಲ್ಲಿ 400 ದಾಟುತ್ತದೆ.

ಪದರ ಓರೆಯಾಗಿದ್ದರೆ ರೋಹಿತ ತೋರಿಸುವ ವೇಗ ನಿಜಕ್ಕಿಂತ ಹೆಚ್ಚಾಗಿರುತ್ತದೆ: 30 ಡಿಗ್ರಿ ವಾಲಿದ ಗಡಿಯ ಮೇಲಿನ ಶಿಲೆಯಲ್ಲಿ ನಿಜವಾದ ವೇಗ 2000 ಇದ್ದರೆ ಚುಕ್ಕೆ ಮೂಡುವುದು 2309ರಲ್ಲಿ. ಅಂಥ ಕಡೆ ಓರೆಯ ತಿದ್ದುಪಡಿ ಮಾಡಿ, ತಿದ್ದಿದ ಟ್ರೇಸುಗಳನ್ನು ಇನ್ನೊಮ್ಮೆ ಸುವೆಲಾನ್‌ಗೆ ಕೊಟ್ಟು ರೋಹಿತವನ್ನು ಹೊಸದಾಗಿ ಓದಲಾಗುತ್ತದೆ.