ಪೆನ್ ಡ್ರೈವಿಗೊಬ್ಬ ದುಭಾಷಿ

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಮಣ್ಣೂರ ಮಹಾರಾಷ್ಟ್ರದ ಗಡಿಗೆ ದೂರವಲ್ಲ. ಇಂತಹ ಗಡಿಸೀಮೆಯಲ್ಲಿ ಕನ್ನಡದ ರೈತನಿಗೂ ಮರಾಠಿಯ ವ್ಯಾಪಾರಿಗೂ ನಡುವೆ ಎರಡೂ ನುಡಿ ಬಲ್ಲವನೊಬ್ಬ ನಿಂತರೆ ವ್ಯವಹಾರ ಸಲೀಸು. ಅವನು ಒಂದು ಅಂಕಿ ತಪ್ಪಿ ಹೇಳಿದರೆ ಲೆಕ್ಕವೆಲ್ಲ ತಲೆಕೆಳಗು. ಕಂಪ್ಯೂಟರಿಗೂ ಪೆನ್ ಡ್ರೈವಿಗೂ ನಡುವೆ ನಿಲ್ಲುವ ಇಂಥದೇ ದುಭಾಷಿಯ ಹೆಸರು ‘ಡ್ರೈವರ್’. ಇದು ಯಂತ್ರವಲ್ಲ, ಒಂದು ತಂತ್ರಾಂಶ.

ಯುಎಸ್‌ಬಿ ಪದ್ಧತಿಯ ಮೊದಲ ಆವೃತ್ತಿ ಹೊರಬಂದದ್ದು 1996ರ ಜನವರಿಯಲ್ಲಿ. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ಬರೋಡದಲ್ಲಿ ಓದಿದ ಅಜಯ್ ಭಟ್ ಪ್ರಮುಖರು. ಪೆನ್ ಡ್ರೈವನ್ನು ಸಿಕ್ಕಿಸಿದೊಡನೆ ಅದು ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ: ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ತನ್ನ ವರ್ಗ. ಶೇಖರಣಾ ಸಾಧನಗಳ ವರ್ಗಕ್ಕೆ 8 ಎಂಬ ಸಂಖ್ಯೆ. ಅದನ್ನು ಕಂಡ ಕೂಡಲೇ ಡ್ರೈವರ್ ಕೆಲಸಕ್ಕೆ ಇಳಿಯುತ್ತದೆ. ಮುಂದಿನದು ಬ್ಯಾಂಕಿನ ವ್ಯವಹಾರದಂತೆ. 31 ಬೈಟುಗಳ ಆದೇಶದ ಚೀಟಿ ಹೋಗುತ್ತದೆ, ಬಳಿಕ ಮಾಹಿತಿ ಸಾಗುತ್ತದೆ, ಕೊನೆಗೆ 13 ಬೈಟುಗಳ ರಸೀದಿ ಬರುತ್ತದೆ.

ಹಠಮಾರಿ ಸಾಧನಗಳು

ಎಲ್ಲ ಸಾಧನಗಳೂ ನಿಯಮ ಪಾಲಿಸಿದರೆ ಒಂದೇ ಡ್ರೈವರ್ ಸಾಕಿತ್ತು. ಹಾಗಾಗುವುದಿಲ್ಲ. ಕಂಪ್ಯೂಟರ್ ಎಣಿಕೆ ಸೊನ್ನೆಯಿಂದ ಶುರು. ಸಾವಿರ ಕೋಣೆಗಳಿದ್ದರೆ ಕೊನೆಯ ಕೋಣೆಯ ಸಂಖ್ಯೆ 999. ‘ನಿನ್ನ ಕೊನೆಯ ಕೋಣೆ ಯಾವುದು?’ ಎಂದು ಕೇಳಿದರೆ ಕೆಲವು ಸಾಧನಗಳು 1000 ಎಂದುಬಿಡುತ್ತವೆ. ಇಲ್ಲದ ಆ ಕೋಣೆಯನ್ನು ಓದಲು ಹೋದಾಗ ಸಾಧನ ಸ್ತಬ್ಧವಾಗಬಹುದು. ಅಂಕಪಟ್ಟಿ, ಮದುವೆಯ ಚಿತ್ರಗಳನ್ನು ಅದರಲ್ಲಿಟ್ಟವರಿಗೆ ಇದು ಸಣ್ಣ ತಪ್ಪೇನಲ್ಲ!

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇದಕ್ಕೆ ಸರಳ ಉಪಾಯ ಕಂಡುಕೊಂಡಿದೆ. ಅದರ ಯುಎಸ್‌ಬಿ ಶೇಖರಣಾ ಡ್ರೈವರನ್ನು 1999ರಿಂದ ಮ್ಯಾಥ್ಯೂ ಧರ್ಮ್ ಬೆಳೆಸಿದರು. ನಂತರ ಅಲನ್ ಸ್ಟರ್ನ್ ಹೊಣೆ ಹೊತ್ತರು. ಅದರೊಳಗೆ ‘ವಿಚಿತ್ರ ಸಾಧನಗಳ’ ಪಟ್ಟಿಯೊಂದಿದೆ. ಯಾವ ತಯಾರಕರ ಯಾವ ಮಾದರಿ ಹೇಗೆ ಹಠ ಮಾಡುತ್ತದೆ, ಆಗ ಏನು ಮಾಡಬೇಕು ಎಂಬುದು ಅಲ್ಲಿ ದಾಖಲಾಗಿದೆ. ಮೇಲಿನ ದೋಷಕ್ಕೆ ಮದ್ದು ಇಷ್ಟೇ: ಸಾಧನ ಹೇಳಿದ ಲೆಕ್ಕದಲ್ಲಿ ಒಂದು ಕಳೆ. ಸ್ಯಾನ್‌ಡಿಸ್ಕ್ ಎಸ್‌ಡಿಡಿಆರ್-09 ಎಂಬ ಕಾರ್ಡ್ ಓದುಗದಂಥವು ಪೂರ್ತಿ ಬೇರೆಯೇ ನುಡಿಯಾಡಿದ್ದರಿಂದ ಅವುಗಳಿಗೆ ಪ್ರತ್ಯೇಕ ಡ್ರೈವರ್ ಬರೆಯಬೇಕಾಯಿತು.

ಕಲಿಯುವುದು ಹೇಗೆ?

ಲಿನಕ್ಸ್‌ನ ಮೂಲ ಬರಹವೆಲ್ಲ ಬಹಿರಂಗ. ಓದಲು ಶುಲ್ಕವಿಲ್ಲ, ಅನುಮತಿ ಬೇಡ. ಮಣ್ಣೂರದ ವಿದ್ಯಾರ್ಥಿಗೂ ಬೆಂಗಳೂರಿನ ಎಂಜಿನಿಯರನಿಗೂ ಸಿಗುವುದು ಅದೇ ಬರಹ. ಬೇಕಾದುದು ಸಿ ಭಾಷೆಯ ಭದ್ರ ಬುನಾದಿ, ಸಾಧಾರಣ ಕಂಪ್ಯೂಟರ್ ಮತ್ತು ತಾಳ್ಮೆ. ಕಾರ್ಬೆಟ್, ರುಬಿನಿ, ಕ್ರೋವಾ-ಹಾರ್ಟ್‌ಮನ್ ಬರೆದ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಗ್ರಂಥದ 2005ರ ಮೂರನೆಯ ಆವೃತ್ತಿ ಉಚಿತವಾಗಿ ಲಭ್ಯ. ಅದರ ಉದಾಹರಣೆಗಳು ಹಳೆಯವು, ತತ್ತ್ವಗಳು ಇಂದಿಗೂ ಉಪಯುಕ್ತ.

ಮೊದಲ ದಿನವೇ ಡ್ರೈವರ್ ಬರೆಯಹೊರಡುವುದು ಬೇಡ. ಮನೆಯಲ್ಲಿರುವ ಪೆನ್ ಡ್ರೈವಿನ ಎರಡು ಸಂಖ್ಯೆಗಳನ್ನು ‘ಎಲ್‌ಎಸ್‌ಯುಎಸ್‌ಬಿ’ ಆದೇಶದಿಂದ ಕಂಡುಕೊಂಡು, ಪಟ್ಟಿಯಲ್ಲಿ ಹುಡುಕಿದರೆ ಆರಂಭವಾದಂತೆ. ಆಮೇಲೆ ಬದಲಾವಣೆಯ ಪ್ರಯೋಗ. ಅದಕ್ಕೆ ಖಾಲಿ ಪೆನ್ ಡ್ರೈವನ್ನೇ ಬಳಸಬೇಕು. ಡ್ರೈವರಿನ ಒಂದು ತಪ್ಪು ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು. ಆದ್ದರಿಂದ ಅಭ್ಯಾಸಕ್ಕೆ ಕ್ಯುಇಎಂಯು ಎಂಬ ಉಚಿತ ತಂತ್ರಾಂಶ ಸೃಷ್ಟಿಸುವ ‘ಕಲ್ಪಿತ ಕಂಪ್ಯೂಟರ್’ ಕ್ಷೇಮ.

ಮಗ ಅಥವಾ ಮಗಳು ಪರದೆಯ ಮುಂದೆ ಗಂಟೆಗಟ್ಟಲೆ ಕೂತರೆ ಪಾಲಕರಿಗೆ ಆತಂಕ ಸಹಜ. ಏನು ನಡೆದಿದೆ ಎಂದು ಒಮ್ಮೆ ಕೇಳಿ ನೋಡಬಹುದು. ಈ ಕೆಲಸಕ್ಕೆ ಅಂಕ ಸಿಗದು. ಆದರೆ ಕಳುಹಿಸಿದ ತಿದ್ದುಪಡಿಗೆ ಹೆಸರು ಬರೆದು ಸಹಿ ಹಾಕಲೇಬೇಕೆಂಬುದು ಅಲ್ಲಿನ ನಿಯಮ. ಹಿರಿಯರು ಪರಿಶೀಲಿಸಿ, ತಪ್ಪಿದ್ದರೆ ನೇರವಾಗಿ ಹೇಳಿ ಹಿಂದಿರುಗಿಸುತ್ತಾರೆ, ಸರಿಯಿದ್ದರೆ ಸೇರಿಸಿಕೊಳ್ಳುತ್ತಾರೆ. ಹಾಗೆ ಸೇರಿದ ಒಂದೇ ಸಾಲು, ಅಂಥ ಪೆನ್ ಡ್ರೈವ್ ಇರುವ ಎಲ್ಲ ದೇಶಗಳ ಲಿನಕ್ಸ್ ಬಳಕೆದಾರರ ಕಡತಗಳನ್ನು ಕಾಯುತ್ತದೆ.