ಎಲ್ಲಾ ಸೋಂಕೂ ಅಂಟಲ್ಲ

ರೋಗಗಳ ವಿಷಯದಲ್ಲಿ ನಮ್ಮ ಜನರು ಸೋಂಕು, ಅಂಟು ಎಂಬ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ವಾಡಿಕೆಯಾಗಿದೆ. ಇದು ಕೇವಲ ಮಾತಿನ ದೋಷವಾಗಿದ್ದರೆ ಪಂಡಿತರಿಗೆ ಬಿಟ್ಟು ಸುಮ್ಮನಿರಬಹುದಾಗಿತ್ತು. ಆದರೆ ಈ ಬೆರಕೆಯಿಂದ ನಿರಪರಾಧಿಗಳು ದಂಡನೆಗೆ ಗುರಿಯಾಗುವುದೂ, ನಿಜವಾದ ಅಪರಾಧಿಯು ತಪ್ಪಿಸಿಕೊಳ್ಳುವುದೂ ಉಂಟು. ಆದಕಾರಣ ವಾಚಕ ಮಹಾಶಯರು ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ಪರ್ಯಾಲೋಚಿಸಬೇಕೆಂದು ಪ್ರಾರ್ಥಿಸುತ್ತೇವೆ.

ರೋಗಾಣುವು ದೇಹವನ್ನು ಹೊಕ್ಕು ಅಲ್ಲಿ ವೃದ್ಧಿಹೊಂದುವುದೇ ಸೋಂಕು. ಅದು ಹೊಗುವ ದಾರಿಗಳು ಹಲವು. ಕಾಲರಾವು ಕೆಟ್ಟ ನೀರಿನಿಂದಲೂ ಆಹಾರದಿಂದಲೂ ಬರುವುದು. ಮಲೇರಿಯಾ ಸೊಳ್ಳೆಯ ಕಡಿತದಿಂದ ಬರುವುದು. ಧನುರ್ವಾಯುವಿನ ಬೀಜವು ಮಣ್ಣಿನಲ್ಲಿದ್ದು ಗಾಯದ ಮೂಲಕ ಒಳಸೇರುವುದು. ರೋಗಿಯ ಸಂಪರ್ಕದಿಂದಾಗಲಿ, ಅವನ ಉಸಿರು ಕೆಮ್ಮುಗಳಿಂದಾಗಲಿ ನೇರವಾಗಿ ಇನ್ನೊಬ್ಬರಿಗೆ ದಾಟುವ ಸೋಂಕು ಮಾತ್ರವೇ ಅಂಟು. ದಡಾರವು ಅಂಟು, ಧನುರ್ವಾಯುವು ಸೋಂಕಾದರೂ ಅಂಟಲ್ಲ. ಧನುರ್ವಾಯುವಿನ ರೋಗಿಯನ್ನು ಮುಟ್ಟಿ ಉಪಚರಿಸಿದವನಿಗೆ ಅದು ತಗಲುವುದಿಲ್ಲ.

ಇನ್ನೆರಡು ಮಾತುಗಳನ್ನೂ ಇಲ್ಲಿಯೇ ತಿಳಿದಿರುವುದು ಮೇಲು. ರೋಗಾಣುವನ್ನು ಒಂದು ದೇಹದಿಂದ ಇನ್ನೊಂದಕ್ಕೆ ಸಾಗಿಸುವ ಸೊಳ್ಳೆ, ಚಿಗಟ ಮೊದಲಾದ ಕೀಟಗಳಿಗೆ ವಾಹಕಗಳೆಂದು ಹೆಸರು. ಸೋಂಕು ತಗಲಿದ ದಿನಕ್ಕೂ ರೋಗಲಕ್ಷಣವು ತೋರುವ ದಿನಕ್ಕೂ ನಡುವಣ ಅವಧಿಯನ್ನು ಅಡಗುಕಾಲವೆನ್ನಬಹುದು.

ದಾರಿಯನ್ನರಿಯದೆ ಮಾಡಿದ ಪರಿಹಾರವು ಎಂತಹ ಅನರ್ಥಕ್ಕೆ ಕಾರಣವಾಗುವುದೆಂಬುದಕ್ಕೆ ಪ್ಲೇಗಿನ ಚರಿತ್ರೆಯೇ ಸಾಕ್ಷಿ. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯನು ಅದರ ರೋಗಾಣುವನ್ನು ಕಂಡುಹಿಡಿದನು. ಆದರೆ ೧೮೯೬ರಲ್ಲಿ ಆ ಮಾರಿಯು ಮುಂಬಯಿಯನ್ನು ಹೊಕ್ಕಾಗ ಅದು ಹರಡುವ ಬಗೆಯು ಇತ್ಯರ್ಥವಾಗಿರಲಿಲ್ಲ. ೧೮೯೭ರಲ್ಲಿ ಪುಣೆಯ ಅಧಿಕಾರಿ ರ‍್ಯಾಂಡನು ಸೋಲ್ಜರರನ್ನು ಮನೆಮನೆಗೆ ನುಗ್ಗಿಸಿ, ರೋಗಿಗಳನ್ನೂ ಸಂಶಯಕ್ಕೆ ಒಳಗಾದವರನ್ನೂ ಎಳೆದೊಯ್ಯಿಸಿದನು. ದೇವರ ಕೋಣೆಯ ಮರ್ಯಾದೆಯೂ ಉಳಿಯಲಿಲ್ಲ. ಜನರ ಕ್ರೋಧವು ಉಕ್ಕಿತು; ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡನಿಗೆ ಗುಂಡಿಕ್ಕಿದರು. ಪ್ಲೇಗು ಮಾತ್ರ ನಿಲ್ಲಲಿಲ್ಲ. ಮರುವರ್ಷವೇ ಬೆಂಗಳೂರನ್ನೂ ಹೊಕ್ಕಿತು.

ಆ ೧೮೯೮ರಲ್ಲಿಯೇ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು, ಸತ್ತ ಇಲಿಯ ಮೈಯಿಂದ ಹೊರಬೀಳುವ ಚಿಗಟವೇ ಪ್ಲೇಗಿನ ವಾಹಕವೆಂಬುದನ್ನು ಪ್ರಯೋಗದಿಂದ ತೋರಿಸಿದನು. ಸಿಪಾಯಿಗಳು ಮನುಷ್ಯರನ್ನು ಹುಡುಕುತ್ತಿದ್ದಾಗ ರೋಗವು ಚಿಗಟವನ್ನೇರಿ ಸಂಚರಿಸುತ್ತಿತ್ತೆಂದಾಯಿತು. ಇಲಿ ಬಿದ್ದೊಡನೆ ಮನೆಯನ್ನು ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಳ್ಳಿಗರ ಅನುಭವವು ಸಿಪಾಯಿಗಳ ಶೋಧಕ್ಕಿಂತ ಸತ್ಯಕ್ಕೆ ಹತ್ತಿರವಾಗಿತ್ತು! ಆದರೂ ಇನ್ನೊಂದು ಮಾತನ್ನು ಮರೆಯಲಾಗದು. ಗೆಡ್ಡೆಯ ಪ್ಲೇಗು ಬಹುಮಟ್ಟಿಗೆ ಚಿಗಟದಿಂದ ಬಂದರೆ, ಶ್ವಾಸಕೋಶವನ್ನು ಹಿಡಿದ ಪ್ಲೇಗು ಕೆಮ್ಮಿನ ತುಂತುರಿನಿಂದ ಮನುಷ್ಯನಿಂದ ಮನುಷ್ಯನಿಗೆ ದಾಟುವುದು. ಒಂದೇ ರೋಗಕ್ಕೆ ಎರಡು ದಾರಿಗಳಿರುವಾಗ ಎರಡು ವಿಧವಾದ ಎಚ್ಚರವೂ ಬೇಕಾಗುವುದು.

ನಮ್ಮ ನಾಡಿನ ಹೆಸರನ್ನೇ ಹೊತ್ತ ಜಾಡ್ಯವೊಂದುಂಟು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು. ಜನರೂ ಜ್ವರದಿಂದ ಮಲಗಿದರು. ಜನರು ಇದನ್ನು ಮಂಗನ ಕಾಯಿಲೆ ಎಂದರು. ಆದರೆ ರೋಗಾಣುವಿನ ವಾಹಕವು ಉಣುಗು. ಮಂಗವೂ ಮನುಷ್ಯನಂತೆ ಅದರ ಬಲಿಯೇ ಸರಿ. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡಿದ್ದು ಕಂಡುಬಂದಿಲ್ಲ. ಹೀಗಿರುವಲ್ಲಿ ಜ್ವರಪೀಡಿತನ ಮನೆಗೆ ಬಹಿಷ್ಕಾರ ಹಾಕುವುದರಿಂದ ಫಲವೇನು? ಕಾಡಿಗೆ ಹೋಗುವವರು ಮೈಗೆ ಉಣುಗುನಿವಾರಕ ತೈಲವನ್ನು ಹಚ್ಚಿಕೊಳ್ಳುವುದು, ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಸ್ನಾನಮಾಡುವುದು, ಸತ್ತ ಮಂಗವನ್ನು ಮುಟ್ಟದೆ ಅಧಿಕಾರಿಗಳಿಗೆ ವರದಿಮಾಡುವುದು, ಇವೇ ಪ್ರಯೋಜನಕರವಾದ ಕ್ರಮಗಳು.

೨೦೨೦ರಲ್ಲಿ ಕೊರೋನಾ ಬಂದಾಗ ಪ್ರಮಾದವು ಬೇರೆ ರೂಪವನ್ನು ತಾಳಿತು. ಅದು ನಿಜವಾಗಿಯೂ ಅಂಟು. ಲಕ್ಷಣ ತೋರದವರಿಂದಲೂ ಉಸಿರಿನ ಮೂಲಕ ಹರಡುವಂಥದು. ಆದುದರಿಂದ ದೂರವಿರಬೇಕೆಂಬ ಕಟ್ಟಳೆಯು ಯುಕ್ತವೇ. ಆದರೆ ‘ಸೋಂಕಿತ’ನೆಂಬ ಮಾತು ಬೈಗುಳವಾಯಿತು. ಗುಣಹೊಂದಿ ಬಂದವರನ್ನೂ, ಅವರನ್ನು ಉಪಚರಿಸಿದ ದಾದಿಯರನ್ನೂ ಕೆಲವೆಡೆ ನೆರೆಹೊರೆಯವರು ಹೊರಗಿಟ್ಟರು. ಅಂಟಿಗೊಂದು ಅವಧಿಯುಂಟು, ಅದು ಕಳೆದ ಮೇಲೂ ದೂರವಿಡುವುದು ಆರೋಗ್ಯರಕ್ಷಣೆಯಲ್ಲ, ಅಮಾನುಷತೆ.

ಅಧಿಕಾರದಲ್ಲಿರುವವರಿಗೆ ನಮ್ಮ ಬಿನ್ನಹವಿಷ್ಟೆ. ರೋಗವು ಕಾಣಿಸಿಕೊಂಡಾಗ ‘ಸಾಂಕ್ರಾಮಿಕ, ಎಚ್ಚರಿಕೆ’ ಎಂದು ಡಂಗುರ ಹೊಡೆಯಿಸಿದರೆ ಸಾಲದು. ಅದು ಎಲ್ಲಿಂದ ಬರುವುದು, ಯಾವ ದಾರಿಯಿಂದ ದೇಹವನ್ನು ಹೊಗುವುದು, ಎಷ್ಟು ದಿನ ದಾಟಬಲ್ಲದು ಎಂಬ ಮೂರು ಪ್ರಶ್ನೆಗಳಿಗೆ ಪ್ರಜೆಗಳಿಗೆ ತಿಳಿಯುವ ಕನ್ನಡದಲ್ಲಿ ಉತ್ತರವನ್ನು ಸಾರಬೇಕು. ಪುರಜನರೂ ಈ ಮೂರನ್ನು ಕೇಳದೆ ಯಾರ ಮನೆಯ ಬಾಗಿಲಿಗೂ ಬೆನ್ನು ತಿರುಗಿಸಬಾರದು. ಬಂದ್ ಮಾಡಬೇಕಾದದ್ದು ರೋಗದ ದಾರಿಯನ್ನು, ರೋಗಿಯ ಬದುಕನ್ನಲ್ಲ.