ಬಾಲವಾಡಿಯಲ್ಲಿ ನಾನ್‌ಖಟಾಯಿ

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕೆಲವು ಬಾಲವಾಡಿಗಳಲ್ಲಿ ಮಕ್ಕಳ ಕೈಯಿಂದಲೇ ಬಿಸ್ಕತ್ತು, ಕೇಕು ಮಾಡಿಸುವ ರೂಢಿ ಬಂದಿದೆ. ಆ ದಿನ ನಮ್ಮ ಕೆಲವು ತಾಯಂದಿರು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಕಳಿಸಿದರೂ ಮಗು ತನ್ನ ಡಬ್ಬಿ ಹಿಡಿದು ಮೂಲೆಯಲ್ಲಿ ಕೂರುತ್ತದೆ. ಮೊಟ್ಟೆಯ ಅಂಜಿಕೆ ಸಹಜವೇ. ಆದರೆ ಧರ್ಮವೆಂದರೆ ಬೇರೆ ಕೂರುವುದು ಎಂದು ನಾಲ್ಕು ವರ್ಷದ ಕೂಸು ತಿಳಿಯುವುದು ನಮಗೆ ಸರಿ ಕಾಣುವುದಿಲ್ಲ.

ಮಕ್ಕಳ ಕೈಗೆ ಕೆಲಸ ಕೊಡುವುದು ಹೊಸದೇನಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅದೇ ರೀತಿಯ ಶಿಕ್ಷಣವನ್ನು ಮಹಾರಾಷ್ಟ್ರದ ಹಳ್ಳಿಗಳಿಗೆ ಒಯ್ದರು.

ಮೊಟ್ಟೆ ಬೇಡದ ತಿಂಡಿ ಬೇಕಾದರೆ ನಾನ್‌ಖಟಾಯಿ ಇದೆಯಲ್ಲ! ಗೋಧಿ ಹಿಟ್ಟು 250 ಗ್ರಾಂ, ಪುಡಿ ಸಕ್ಕರೆ 125, ತುಪ್ಪ 125ರಿಂದ 150, ಸ್ವಲ್ಪ ಏಲಕ್ಕಿ. ಇಪ್ಪತ್ತೈದು ಮಕ್ಕಳಿಗೆ ಒಂದೊಂದು ಬರುತ್ತದೆ. ಮಕ್ಕಳೇ ತಕ್ಕಡಿಯಲ್ಲಿ ತೂಗಲಿ. ವ್ಯಾಪಾರಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಲೆಕ್ಕದ ಪಾಠ ಯಾವುದು? ಅಂಗಡಿಯ ಮೈದಾ ಎಂದು ಬೀಸಿದ್ದೋ ತಿಳಿಯದು. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ಎಂಬುದು ನಮ್ಮ ಮನೆಗಳಲ್ಲಿ ಗೊತ್ತಿದ್ದದ್ದೇ. ಆದ್ದರಿಂದ ಗಿರಣಿಯ ತಾಜಾ ಹಿಟ್ಟೇ ಮೇಲು. ಬಣ್ಣ ತುಸು ಕೆಂಪಾದರೂ ರುಚಿಗೆ ಕೊರತೆಯಿಲ್ಲ.

ಜರಡಿ ಹಿಡಿಯುವ ಕೆಲಸ ಮಾತ್ರ ಅವಸರದಲ್ಲಿ ಮುಗಿಸಬಾರದು. ಬಿಳಿ ಕಾಗದದ ಮೇಲೆ ಗೋಧಿ ಹರಡಿ, ಬೀಸುವ ಮೊದಲೇ ಮಕ್ಕಳಿಂದ ಆರಿಸಿರಿ. ಹಿಟ್ಟನ್ನು ಮತ್ತೆ ಜರಡಿ ಹಿಡಿಸಿರಿ. ಹುಳ ಕಂಡರೆ ಮಗು ಅದನ್ನು ಕಾಗದದ ಸಮೇತ ನೆರಳಿಗೆ ಒಯ್ದು ಬಿಡಲಿ. ನೂರು ಸಲ ‘ಅಹಿಂಸೆ’ ಎಂದು ಬರೆಯಿಸಿದರೂ ಆ ಎಚ್ಚರ ಬರುವುದಿಲ್ಲ.

ಕೆಲವರು ಕಡಲೆ ಹಿಟ್ಟನ್ನೂ ಕೂಡಿಸುತ್ತಾರೆ. ಹಾಗಿದ್ದರೆ ಮೊಸರು ಹಾಕಬಾರದು, ದ್ವಿದಳದ ದೋಷ ಬರುತ್ತದೆ. ಕೇಕು ಮಾಡುವುದಾದರೆ ಗೋಧಿ ಹಿಟ್ಟಿಗೆ ಮೊಸರು, ಸೋಡಾ ಸಾಕು. ಮೊಸರಿನ ಹುಳಿ ಸೋಡಾದೊಡನೆ ಸೇರಿ ಗಾಳಿ ಹುಟ್ಟಿಸಿ ಉಬ್ಬಿಸುತ್ತದೆ, ಯೀಸ್ಟ್ ಬೇಕಿಲ್ಲ.

ಬೇಕರಿಯ ಭಟ್ಟಿಗೆ ಕೊಟ್ಟರೆ ಮೊಟ್ಟೆ ತಗುಲಿದ ತಟ್ಟೆಗಳ ಸಂದೇಹವಿದೆ. ಕುಕ್ಕರಿನ ಸೀಟಿ, ರಬ್ಬರು ತೆಗೆದು, ತಳಕ್ಕೆ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರಾಯಿತು. ಒಲೆಯ ಹತ್ತಿರ ಅಕ್ಕೋರು ಮಾತ್ರ.

ಇದನ್ನೆಲ್ಲ ಅಕ್ಕೋರಿಗೆ ಮೊದಲೇ ಹೇಳಿ, ಹಿಟ್ಟು ತುಪ್ಪ ನಾವೇ ಕಳಿಸೋಣ. ಅರ್ಧಪಾವು ತುಪ್ಪಕ್ಕೆ ಯಾರ ಅಂಗಡಿಯೂ ಮುಳುಗದು. ದಶಲಕ್ಷಣ ಪರ್ವದ ಹತ್ತು ದಿನ ಮಾತ್ರ ಇಟ್ಟುಕೊಳ್ಳಬೇಡಿರೆಂದು ಕೇಳಿಕೊಂಡರೆ ಅವರೂ ಮುಂದೆ ಹಾಕಿಯಾರು.